ನಾನು ಕಂಡುಹಿಡಿದ ಬುಗ್ಗೆ

ನಮ್ಮೂರ ಬೆಟ್ಟದ ನೆತ್ತಿಗಿಂತ ಸ್ವಲ್ಪ ಕೆಳಗೆ ಒಂದು ನೀರಿನ ಬುಗ್ಗೆಯಿದೆ. ಅದನ್ನು ಕಂಡುಹಿಡಿದವನು ನಾನು. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸಭ್ಯರ ಲಕ್ಷಣವಲ್ಲ ಎಂದು ನನಗೂ ಗೊತ್ತು. ಆದರೆ ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದದ್ದನ್ನು ಥಟ್ಟನೆ ನಿಲ್ಲಿಸಿದರೆ ಜನಕ್ಕೆ ಅನುಮಾನ ಬರುತ್ತದೆ. ಕಂಡುಹಿಡಿದ ಸ್ಥಳ, ಕಾಲಗಳ ವಿವರವೂ ನನ್ನಲ್ಲಿದೆ: ನಕ್ಷೆ ಕಚೇರಿಯ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು, ಮಧ್ಯಾಹ್ನ ಮೂರೂಕಾಲು ಗಂಟೆ. ಸಹಕರಿಸಿದ್ದು ಒಂದು ಸೀನು.

ನಾನು ಆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಅಳತೆಯವರು ಬಿಸಿಲಲ್ಲಿ ಅಲೆದು ತಂದ ಅಂಕಿಗಳನ್ನು ನಾವು ನೆರಳಲ್ಲಿ ಕುಳಿತು ಗೆರೆ ಮಾಡುತ್ತೇವೆ. ದಾರಿ, ಮನೆಗಳಿಗೆ ಕಪ್ಪು ಶಾಯಿ, ಏರಿಗೆ ಕಂದು, ನೀರಿಗೆ ನೀಲಿ. ಕಂದು ಗೆರೆಗಳು ಹತ್ತಿರ ಬಂದಷ್ಟೂ ಏರು ಕಡಿದು. ಬೆಟ್ಟದ ಹಾಳೆ ಬರೆಯಲು ನನಗೆ ಮೂರು ತಿಂಗಳು ಹಿಡಿದಿತ್ತು. ಕೊನೆಯ ದಿನ, ಬುಡದ ಹಳ್ಳಕ್ಕೆ ನೀಲಿ ಗೆರೆ ಎಳೆಯುವುದೊಂದೇ ಬಾಕಿ ಎನ್ನುವಾಗ ಸೀನು ಬಂತು. ಪೆನ್ನಿನಿಂದ ಒಂದು ತೊಟ್ಟು ಹಾರಿ ಬೆಟ್ಟದ ಭುಜದ ಮೇಲೆ ಕುಳಿತಿತು. ಬ್ಲೇಡಿನಿಂದ ಕೆರೆದರೆ ಹಾಳೆ ಹರಿಯುತ್ತದೆ, ಹಾಳೆ ಹರಿದರೆ ಮೂರು ತಿಂಗಳ ಕೆಲಸ ಹರಿಯುತ್ತದೆ. ನಾನು ಐದು ನಿಮಿಷ ಆ ತೊಟ್ಟನ್ನು ನೋಡಿದೆ, ಅದೂ ನನ್ನನ್ನು ನೋಡಿತು. ಆಮೇಲೆ ಅದರ ಅಂಚನ್ನು ಜಾಣತನದಿಂದ ತಿದ್ದಿ ಬುಗ್ಗೆಯ ಗುರುತು ಮಾಡಿಬಿಟ್ಟೆ. ಆಗಿನ ಸಾಹೇಬರು ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದರು. "ಓಹೋ, ಅಷ್ಟು ಮೇಲೆ ನೀರಿದ್ಯಾ? ಒಳ್ಳೇದಾಯ್ತು ಬಿಡಿ," ಎಂದು ಸಹಿ ಹಾಕಿದರು. ಸರ್ಕಾರಿ ಸಹಿ ಬಿದ್ದ ಮೇಲೆ ಅದು ತೊಟ್ಟಲ್ಲ, ಬುಗ್ಗೆಯೇ.

ಇಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆಗಷ್ಟೇ ನನ್ನ ಮದುವೆಯಾಗಿತ್ತು. ಅಚ್ಚಾದ ನಕ್ಷೆಯನ್ನು ಹೆಂಡತಿಯ ತವರಿಗೆ ಒಯ್ದು ತೋರಿಸಿದೆ. ಅತ್ತೆ ನನ್ನನ್ನು ಅಲ್ಲಿಯವರೆಗೂ "ಗೆರೆ ಎಳೆಯೋ ಅಳಿಯ" ಎನ್ನುತ್ತಿದ್ದರು. ಅವರು ಕನ್ನಡಕ ಏರಿಸಿ ಆ ನೀಲಿ ಚುಕ್ಕೆಯ ಮೇಲೇ ಬೆರಳಿಟ್ಟರು.

"ಇದೇನಪ್ಪ ಇದು?"

"ಬುಗ್ಗೆ ಅತ್ತೆ. ಯಾರಿಗೂ ಗೊತ್ತೇ ಇರ್ಲಿಲ್ಲ. ನಾನೇ ಕಂಡುಹಿಡಿದದ್ದು."

ಮಾತು ಬಾಯಿಂದ ಹೊರಟು ಅವರ ಕಿವಿ ಸೇರುವ ಮೊದಲೇ ವಾಪಸ್ ಕರೆಯಬೇಕು ಎನಿಸಿತು. ಆದರೆ ಅಷ್ಟರಲ್ಲಿ ಅತ್ತೆ ಎದ್ದು, ಕೈಯಿರುವ ಕುರ್ಚಿಯೆಂದು ಮನೆಯಲ್ಲಿದ್ದ ಒಂದೇ ಒಂದನ್ನು ನನ್ನ ಕಡೆ ತಳ್ಳಿದ್ದರು. ಕೈಯಿರುವ ಕುರ್ಚಿಯಲ್ಲಿ ಒಮ್ಮೆ ಕುಳಿತವನಿಗೆ ಏಳುವುದು ಎಷ್ಟು ಕಷ್ಟ ಎಂದು ಕುಳಿತವರಿಗೇ ಗೊತ್ತು.

ಮುಂದಿನ ವಸಂತದಲ್ಲಿ ಅತ್ತೆಗೆ ಮಂಡಿನೋವು ಬಂತು. "ಬೆಟ್ಟದ ಮೇಲಿನ ನೀರು, ಬೇರುಬಿತ್ತು ಮುಟ್ಟಿ ಬಂದಿರುತ್ತೆ. ಒಂದು ಬಾಟಲು ತಂದ್ಕೊಡಪ್ಪ," ಎಂದರು. ನಾನು ರಜಾದಿನ ಚೀಲ ಹೆಗಲಿಗೇರಿಸಿ ಹೊರಟೆ. ಹೋಗಿದ್ದು ಕಚೇರಿಗೆ. ದಾಖಲೆ ಕೋಣೆಯಲ್ಲಿ ಹಳೇ ನಕ್ಷೆಗಳ ಕಟ್ಟಿನ ಮೇಲೆ ಸಂಜೆಯವರೆಗೆ ಮಲಗಿ, ಕೈತೊಳೆಯುವ ನಲ್ಲಿಯಿಂದ ಬಾಟಲು ತುಂಬಿಸಿ, ಬೂಟಿಗೆ ಮಣ್ಣು ಸವರಿಕೊಂಡು ಮನೆಗೆ ಬಂದೆ. ಆ ನೀರು ಕುಡಿದು ಮೂರನೇ ದಿನಕ್ಕೆ ಅತ್ತೆ ಏಣಿ ಹತ್ತಿ ಅಟ್ಟ ಗುಡಿಸಿದರು. ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ಔಷಧಿ ಅಂಗಡಿಯವರು, "ನಾನು ಮಾರೋ ಮುಲಾಮು ನನಗೇ ನಾಟೋದಿಲ್ಲ, ನನಗೂ ಒಂದು ಬಾಟಲು ಇರ್ಲಿ," ಎಂದರು. ನಮ್ಮ ಹೆಡ್ ಕ್ಲಾರ್ಕಿಗೆ ಎದೆಯುರಿ ನಿಂತಿತು. ದಿನಾ ಅದೇ ನಲ್ಲಿಯ ನೀರನ್ನು ಕಚೇರಿಯಲ್ಲಿ ಕುಡಿಯುತ್ತಿದ್ದಾಗ ನಿಲ್ಲದ ಎದೆಯುರಿ ಮನೆಗೆ ಒಯ್ದು ಕುಡಿದಾಗ ಯಾಕೆ ನಿಂತಿತು ಎಂಬುದನ್ನು ವಿಜ್ಞಾನಿಗಳೇ ಹೇಳಬೇಕು. ನನ್ನ ಹೆಂಡತಿ ನಕ್ಷೆಗೆ ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕಿದಳು. ಬಂದವರಿಗೆಲ್ಲ ಮೊದಲು ಬುಗ್ಗೆ, ಆಮೇಲೆ ಚಹಾ.

ಹೀಗೆ ಇಪ್ಪತ್ತೊಂದು ವಸಂತ ಕಳೆದವು. ಇಪ್ಪತ್ತೆರಡನೆಯದರಲ್ಲಿ ಪರಿಶೀಲನಾಧಿಕಾರಿ ಬಂದರು.

ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಸಣ್ಣ ದನಿ, ದೊಡ್ಡ ಬೂಟು. ಹಳೆಯ ನಕ್ಷೆಗಳನ್ನೆಲ್ಲ ಉಪಗ್ರಹದ ಚಿತ್ರಗಳ ಜೊತೆ ಹೋಲಿಸಿ, ಹೊಂದದ ಕಡೆ ತಾವೇ ನಡೆದುಹೋಗಿ ನೋಡುವುದು ಅವರ ಕೆಲಸ. ಹಿಂದಿನ ಕಚೇರಿಯಲ್ಲಿ ಇಲ್ಲದ ಸೇತುವೆ ಬರೆದಿದ್ದ ಮೂವರನ್ನು ನಕ್ಷೆಯ ಮೇಜಿನಿಂದ ಎಬ್ಬಿಸಿ ರವಾನೆ ಶಾಖೆಗೆ ಕಳಿಸಿದ್ದರಂತೆ. ರವಾನೆ ಶಾಖೆಯೆಂದರೆ ನೆಲಮಾಳಿಗೆ. ಅಲ್ಲಿ ಕಿಟಕಿಯಿಲ್ಲ, ಲಕೋಟೆಗೆ ಅಂಟು ಹಚ್ಚುವುದು ಬಿಟ್ಟರೆ ಬೇರೆ ಕೆಲಸವೂ ಇಲ್ಲ. ಈ ವಿವರವನ್ನು ಹೆಡ್ ಕ್ಲಾರ್ಕು ನನ್ನ ಕಿವಿಯಲ್ಲಿ ಹೇಳುತ್ತಿರುವಾಗಲೇ ನನಗೆ ಕರೆ ಬಂತು.

"ಬೆಟ್ಟದ ಹಾಳೆ ನೀವು ಬರೆದಿದ್ದಾ?"

"ಹೌದು ಮೇಡಂ."

"ಇಲ್ಲೊಂದು ಬುಗ್ಗೆ ಇದೆ."

"ಇದೆ ಮೇಡಂ."

"ಉಪಗ್ರಹದ ಚಿತ್ರದಲ್ಲಿ ಕಾಣ್ತಿಲ್ಲ. ಸುತ್ತ ಒಂದು ಹಿಡಿ ಹಸಿರೂ ಇಲ್ಲ."

"ಅದು ಸ್ವಲ್ಪ ಸಂಕೋಚದ ಬುಗ್ಗೆ ಮೇಡಂ."

ಅವರು ತಲೆಯೆತ್ತಿ ನೋಡಿದರು. ಇನ್ನೊಂದು ಕ್ಷಣ ಸಿಕ್ಕಿದ್ದರೆ ನಾನು ಕಾಲಿಗೆ ಬಿದ್ದು ಎಲ್ಲ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಆದರೆ ನನ್ನನ್ನು ಕಾಪಾಡಲೆಂದೇ ಹಿಂದೆ ಬಂದು ನಿಂತಿದ್ದ ಹೆಡ್ ಕ್ಲಾರ್ಕು ಮುಂದೆ ನುಗ್ಗಿದರು.

"ಅದನ್ನ ಕಂಡುಹಿಡಿದವರೇ ಇವರು ಮೇಡಂ! ಊರಿಗೆಲ್ಲ ಗೊತ್ತು. ವರ್ಷಾ ವರ್ಷಾ ಹತ್ತಿ ಹೋಗಿ ನೀರು ತರ್ತಾರೆ. ನನ್ನ ಎದೆಯುರಿ ಹೋಗಿದ್ದೇ ಅದರಿಂದ. ಎಂಥ ನೀರು ಅಂತೀರಿ, ಪನ್ನೀರು!"

"ಹೌದಾ?" ಅಧಿಕಾರಿಯ ಮುಖ ಅರಳಿತು. "ಹಾಗಾದ್ರೆ ತುಂಬಾ ಒಳ್ಳೇದು. ಭಾನುವಾರ ಬೆಳಗ್ಗೆ ಆರಕ್ಕೆ ಹೊರಡೋಣ. ನೀವೇ ದಾರಿ ತೋರಿಸಿ."

ಬುಗ್ಗೆಯಿಲ್ಲ ಎಂದು ಗೊತ್ತಾದರೆ ನನ್ನ ಕಿಟಕಿ ಹೋಗುತ್ತದೆ. ಅದು ಹೋಗಲಿ, ಅತ್ತೆಯ ಮನೆಯ ಕುರ್ಚಿಯೂ ಹೋಗುತ್ತದೆ. ಇಪ್ಪತ್ತೊಂದು ವರ್ಷ ನಲ್ಲಿ ನೀರು ಕುಡಿಸಿದ ಅಳಿಯನನ್ನು ಯಾವ ಅತ್ತೆ ಕ್ಷಮಿಸಿಯಾಳು?

ಮನೆಯಲ್ಲಿ ಸುದ್ದಿ ಹೇಳಿದರೆ ನನ್ನ ಹೆಂಡತಿ ಹಿಗ್ಗಿ ಹೀರೇಕಾಯಿಯಾದಳು. "ಸರ್ಕಾರವೇ ನೋಡೋಕೆ ಬರ್ತಿದೆಯಾ ರೀ! ನಾನು ಆವತ್ತೇ ಹೇಳಿರ್ಲಿಲ್ವಾ?" ಶನಿವಾರ ಸಂಜೆಯ ಹೊತ್ತಿಗೆ ಊಟದ ಮೇಜಿನ ಮೇಲೆ ಒಂಬತ್ತು ಖಾಲಿ ಬಾಟಲು ಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಚೀಟಿ: ಅತ್ತೆ, ಔಷಧಿ ಅಂಗಡಿ, ಹೆಡ್ ಕ್ಲಾರ್ಕು, ಎದುರುಮನೆ ತಾತ. ಅತ್ತೆ ಖುದ್ದಾಗಿ ಬಂದು, "ನಂದು ಸ್ವಲ್ಪ ಆಳದಿಂದ ತುಂಬ್ಸಪ್ಪ, ಮೇಲಿಂದು ಬೇಡ," ಎಂದು ಹೇಳಿಹೋದರು.

ಆ ಬಾಟಲುಗಳನ್ನು ನೋಡುತ್ತಿದ್ದಾಗಲೇ ನನಗೊಂದು ಉಪಾಯ ಹೊಳೆಯಿತು. ಬೆಳಗ್ಗೆ ಯಾರೂ ಏಳುವ ಮೊದಲು ಆರು ಬಾಟಲುಗಳಿಗೆ ಅಡುಗೆಮನೆಯ ನಲ್ಲಿಯಿಂದ ನೀರು ತುಂಬಿಸುವುದು. ಬೆಟ್ಟದ ಮೇಲೆ ಆ ಜಾಗ ಹತ್ತಿರ ಬಂದಾಗ, "ಮೇಡಂ, ನೀವು ಸುಧಾರಿಸಿಕೊಳ್ಳಿ, ನಾನು ನೋಡಿಬರ್ತೀನಿ," ಎಂದು ಮುಂದೆ ಓಡುವುದು. ಒಂದು ಬಂಡೆಯ ಬಿರುಕು ಹುಡುಕಿ ಆರು ಲೀಟರನ್ನೂ ಸುರಿಯುವುದು. "ಬನ್ನಿ ಮೇಡಂ, ಬೇಸಿಗೆಗೆ ಇಳಿದುಹೋಗಿದೆ, ಆದರೂ ನೋಡಿ, ಒದ್ದೆ!" ಎನ್ನುವುದು. ಲೋಕದಲ್ಲಿ ಎಷ್ಟೋ ಬುಗ್ಗೆಗಳು ಇದಕ್ಕಿಂತ ಕಡಿಮೆ ನೀರಿನಲ್ಲಿ ಬದುಕಿವೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಸಂತ ಮುಗಿಯುತ್ತಿದ್ದ ದಿನಗಳು. ಬೆಟ್ಟದ ಬುಡದಲ್ಲಿ ತಳಿರೆಲ್ಲ ಬಲಿತು ಕಡುಹಸಿರಾಗಿತ್ತು. ಉದುರಿದ ಹೂವಿನ ಎಸಳುಗಳು ದಾರಿಯ ಮಣ್ಣಿನಲ್ಲಿ ಸೇರಿ ಬಣ್ಣಗೆಟ್ಟಿದ್ದವು. ಅಧಿಕಾರಿ ಒಂದು ಸಣ್ಣ ಚೀಲ, ಒಂದು ಬಾಟಲು ನೀರು ಹಿಡಿದು ಜಿಂಕೆಯ ಹಾಗೆ ಹೊರಟರು. ನಾನು ಆರು ಲೀಟರು ಹೊತ್ತು ಹಿಂದೆ ಹೊರಟೆ.

ನನಗೆ ಆ ಬೆಟ್ಟದ ಇಂಚಿಂಚೂ ಗೊತ್ತು. "ಮುಂದೆ ಎಡಕ್ಕೆ ತಿರುಗುತ್ತೆ ಮೇಡಂ, ಆಮೇಲೆ ಏರು, ಹತ್ತು ಗೆರೆ," ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಅವರು ಮೆಚ್ಚಿ ತಲೆದೂಗಿದರು. ಆ ಹತ್ತು ಗೆರೆ ಎಳೆಯಲು ನನಗೆ ಕಾಲು ಗಂಟೆ ಸಾಕಾಗಿತ್ತು. ಹತ್ತಲು ಒಂದೂವರೆ ಗಂಟೆ ಹಿಡಿಯಿತು. ಯಾರದೋ ಅಳತೆ ನೋಡಿ ಗೆರೆಗಳನ್ನು ಇಷ್ಟು ಹತ್ತಿರ ಹತ್ತಿರ ಬರೆದೆನಲ್ಲ, ಸ್ವಲ್ಪ ದೂರ ದೂರ ಬರೆದಿದ್ದರೆ ಬೆಟ್ಟ ಇಷ್ಟು ಕಡಿದಾಗುತ್ತಿರಲಿಲ್ಲವೋ ಏನೋ ಎಂದು ಆ ಏದುಸಿರಿನಲ್ಲಿ ಪ್ರಾಮಾಣಿಕವಾಗಿ ಪಶ್ಚಾತ್ತಾಪಪಟ್ಟೆ.

ಮರಗಳು ಮುಗಿದು ಬೋಳು ಬಂಡೆ ಶುರುವಾದ ಕಡೆ ಅವರು ಕುಳಿತರು.

"ನಿಮ್ಮ ನೀರು?"

"ಖಾಲಿ ಬಾಟಲು ತಂದಿದ್ದೀನಿ ಮೇಡಂ. ಮೇಲೆ ತುಂಬಿಸ್ಕೊಳ್ಳೋಣ ಅಂತ."

"ಅಯ್ಯೋ, ಇಷ್ಟು ಬಿಸಿಲಲ್ಲಿ! ತಗೊಳ್ಳಿ," ಎಂದು ತಮ್ಮ ಬಾಟಲು ಕೊಟ್ಟರು. ಬೆನ್ನ ಮೇಲೆ ಆರು ಲೀಟರು ಇಟ್ಟುಕೊಂಡು ನಾನು ಆ ಹೆಣ್ಣುಮಗಳ ನೀರಿನಲ್ಲಿ ಅರ್ಧ ಕುಡಿದೆ. ಬಾಟಲು ವಾಪಸ್ ಕೊಡಲು ಬಗ್ಗಿದಾಗ ನನ್ನ ಚೀಲ ಗುಳುಗುಳು ಎಂದಿತು.

"ಏನದು ಸದ್ದು?"

"ಹೊಟ್ಟೆ ಮೇಡಂ. ಬೆಳಗ್ಗೆ ಬರೀ ಬ್ರೆಡ್ಡು ತಿಂದು ಬಂದೆ."

ತಕ್ಷಣ ಅವರು ಡಬ್ಬಿ ತೆಗೆದು ತಮ್ಮ ಬೇಯಿಸಿದ ಆಲೂಗಡ್ಡೆಯಲ್ಲಿ ಎರಡನ್ನು ನನ್ನ ಕೈಗಿಟ್ಟರು. ಅದನ್ನು ನುಂಗುವುದು ಬೆಟ್ಟಕ್ಕಿಂತ ಕಷ್ಟವಾಯಿತು. ಅವರು ಕೆಳಗಿನ ಬಯಲನ್ನು ನೋಡುತ್ತ ಮಾತಾಡತೊಡಗಿದರು.

"ನಾನು ತುಂಬಾ ಕಠಿಣ ಅಂತ ನಿಮ್ಮ ಕಚೇರಿಯಲ್ಲಿ ಮಾತಿದೆ, ಅಲ್ವಾ? ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳತಿ ಜೊತೆ ಅಳತೆಗೆ ಹೋಗಿದ್ದೆ. ನಕ್ಷೆಯಲ್ಲಿ ಬಾವಿ ಇತ್ತು. ಅದನ್ನೇ ನಂಬಿ ಇದ್ದ ನೀರನ್ನೆಲ್ಲ ದಾರಿಯಲ್ಲೇ ಕುಡಿದು ಮುಗಿಸಿದ್ವಿ. ಹೋಗಿ ನೋಡಿದ್ರೆ ಬಾವಿನೂ ಇಲ್ಲ, ಗುಂಡಿನೂ ಇಲ್ಲ. ಅವಳನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದೆ. ಬದುಕಿದಳು, ಪುಣ್ಯ. ನಕ್ಷೆಯಲ್ಲಿ ನೀರು ಅಂತ ಬರೆದ್ರೆ ಅದು ಮಾತು ಕೊಟ್ಟ ಹಾಗೆ ನೋಡಿ."

ನಾನು ಆಲೂಗಡ್ಡೆ ಕೈಯಲ್ಲಿ ಹಿಡಿದೇ ಕುಳಿತಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಚುಕ್ಕೆಯನ್ನು ನಂಬಿ ಯಾರಾದರೂ ಬಾಯಾರಿ ಇಲ್ಲಿಗೆ ಬಂದಿರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಅತ್ತೆಯ ಮಂಡಿ ಹೊಳೆದಿತ್ತು, ನನ್ನ ಕುರ್ಚಿ ಹೊಳೆದಿತ್ತು, ಇದು ಮಾತ್ರ ಹೊಳೆದಿರಲಿಲ್ಲ.

ಮತ್ತೆ ಹತ್ತಿದೆವು. ಬಿಸಿಲು ಬಂಡೆಯ ಮೇಲೆ ಬಿದ್ದು ಮುಖಕ್ಕೆ ರಾಚುತ್ತಿತ್ತು. ಮುಕ್ಕಾಲು ಏರಿದ್ದೆವು, ಅವರ ಬಾಟಲು ಖಾಲಿಯಾಗಿ ಬಹಳ ಹೊತ್ತಾಗಿತ್ತು. ಮುಂದೆ ಹೋಗುತ್ತಿದ್ದ ಜಿಂಕೆ ನಿಂತಿತು. ಒಂದು ಕೈ ಬಂಡೆಗೆ ಊರಿ, "ಒಂದು ನಿಮಿಷ... ಕಣ್ಣು ಕತ್ತಲೆ ಬಂತು," ಎಂದು ಕುಸಿದು ಕುಳಿತರು.

ನನ್ನ ಕಿಟಕಿ, ನನ್ನ ಕುರ್ಚಿ, ಬಂಡೆಯ ಬಿರುಕು, ಎಲ್ಲ ಮರೆತುಹೋಯಿತು. ಚೀಲ ಬಿಚ್ಚಿ ಒಂದು ಬಾಟಲು ಅವರ ಬಾಯಿಗೆ ಹಿಡಿದೆ, ಇನ್ನೊಂದನ್ನು ಪೂರ್ತಿ ಅವರ ತಲೆಗೆ ಸುರಿದೆ. ಅದು ಅತ್ತೆಯ ಚೀಟಿಯ ಬಾಟಲು ಎಂಬುದು ಆಮೇಲೆ ಗಮನಕ್ಕೆ ಬಂತು. ಐದು ನಿಮಿಷದಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ಒದ್ದೆ ಕೂದಲಲ್ಲಿ ನನ್ನನ್ನೂ ಚೀಲದಲ್ಲಿದ್ದ ಇನ್ನೂ ನಾಲ್ಕು ತುಂಬಿದ ಬಾಟಲುಗಳನ್ನೂ ನೋಡಿದರು. ಆಯಿತು, ಮುಗಿಯಿತು ಎಂದುಕೊಂಡೆ.

"ನೀವು... ಇಷ್ಟೆಲ್ಲ ನೀರು ಹೊತ್ಕೊಂಡು ಬಂದಿದ್ರಾ? ನಾನು ಎಲ್ಲಾದ್ರೂ ಬಿದ್ದರೆ ಬೇಕಾಗುತ್ತೆ ಅಂತ?" ಅವರ ಕಣ್ಣಲ್ಲಿ ನೀರಾಡಿತು. "ನನಗೆ ಅವಮಾನ ಆಗ್ಬಾರ್ದು ಅಂತ ಖಾಲಿ ಬಾಟಲು ಅಂದ್ರಿ. ನಾನು ಬುಗ್ಗೆ ವಿಷಯಕ್ಕೆ ನಿಮ್ಮನ್ನೇ ಅನುಮಾನಿಸ್ತಿದ್ದೆ. ಕ್ಷಮಿಸಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಎದ್ದು, "ನೀವು ಹೊತ್ತಿದ್ದು ಸಾಕು," ಎಂದು ನನ್ನ ಚೀಲವನ್ನು ಕಸಿದುಕೊಂಡು ಬೆನ್ನಿಗೇರಿಸಿಯೇಬಿಟ್ಟರು. ಹೀಗೆ ನನ್ನ ಮೋಸದ ನೀರನ್ನು, ಅದನ್ನು ಹಿಡಿಯಲು ಬಂದ ಅಧಿಕಾರಿಯೇ ಹೊತ್ತು ನಡೆದರು. ಇನ್ನು ಮುಂದೆ ಓಡಿ ಏನು ಸುರಿಯಲಿ? ನಾನು ಖಾಲಿ ಕೈಯಲ್ಲಿ, ಬಲಿಗೆ ಹೊರಟ ಕುರಿಯಂತೆ ಹಿಂಬಾಲಿಸಿದೆ.

ಕೊನೆಯ ತಿರುವು ದಾಟಿದೆವು. ನನ್ನ ಲೆಕ್ಕಕ್ಕೆ ಅದೇ ಜಾಗ. ನೆಲ ನೋಡಿಕೊಂಡು ನಿಂತೆ.

"ಓ! ಇದೆಯಲ್ಲ!" ಎಂದು ಅಧಿಕಾರಿ ಕೂಗಿದರು.

ತಲೆಯೆತ್ತಿದೆ. ಬಂಡೆಯ ಮಗ್ಗುಲಲ್ಲಿ ಒಂದು ಕಲ್ಲುತೊಟ್ಟಿ. ಅಂಚಿನವರೆಗೆ ನೀರು. ಪಕ್ಕದಲ್ಲಿ ಸರಪಳಿ ಕಟ್ಟಿದ ಲೋಟ. ಒಂದು ಹಕ್ಕಿ ತೊಟ್ಟಿಯ ಮೇಲೆ ಕುಳಿತು ನೀರು ಕುಡಿಯುತ್ತಿತ್ತು.

ಲೋಕದಲ್ಲಿ ಆ ಕ್ಷಣ ನನಗಿಂತ ಹೆಚ್ಚು ಬೆರಗಾದ ಪ್ರಾಣಿ ಇರಲಿಲ್ಲ. ನೀರಿಗೆ ಕೈ ಅದ್ದಿದೆ, ಒದ್ದೆಯಾಯಿತು. ಕುಡಿದೆ, ತಣ್ಣಗಿತ್ತು. ಮನುಷ್ಯನ ಸ್ವಭಾವ ನೋಡಿ, ಬೆರಗು ಮುಗಿಯಲು ಅರ್ಧ ನಿಮಿಷ ಹಿಡಿಯಿತು, ಜಂಬ ಬರಲು ಕಾಲು ನಿಮಿಷವೂ ಹಿಡಿಯಲಿಲ್ಲ.

"ನಾನು ಹೇಳಲಿಲ್ವಾ ಮೇಡಂ?" ಎಂದು ತೊಟ್ಟಿಯ ಮೇಲೆ ಕೈಯಿಟ್ಟು ನಿಂತೆ. "ಈ ಜಾಗ ನೋಡಿದ ಕೂಡಲೇ ನನಗೆ ಅನ್ನಿಸಿತ್ತು, ಇಲ್ಲಿ ನೀರಿರ್ಲೇಬೇಕು ಅಂತ. ಬಂಡೆಯ ಪದರ ಹೀಗೆ ಬಂದು ಹೀಗೆ ಹೋಗಿದೆಯಲ್ಲ, ಅದರ ಒತ್ತಡಕ್ಕೆ ಒಳಗಿನ ನೀರು..."

ಅಷ್ಟರಲ್ಲಿ ಬೆಟ್ಟದ ಆ ಬದಿಯಿಂದ ಒಂದು ತಲೆ ಮೇಲೆ ಬಂತು, ಆಮೇಲೆ ಹೆಗಲು, ಹೆಗಲ ಮೇಲೊಂದು ಅಡ್ಡಕೋಲು, ಕೋಲಿನ ಎರಡು ತುದಿಗೂ ಒಂದೊಂದು ಕ್ಯಾನು. ಐವತ್ತು ದಾಟಿದ ಗಟ್ಟಿ ಆಳು. ನಮ್ಮನ್ನು ನೋಡಿ ನಕ್ಕು, ಉಸ್ಸೆಂದು ಕೋಲಿಳಿಸಿ, ಎರಡೂ ಕ್ಯಾನುಗಳನ್ನು ಒಂದೊಂದಾಗಿ ತೊಟ್ಟಿಗೆ ಸುರಿದ. ನನ್ನ ಬಂಡೆಯ ಪದರದ ಒತ್ತಡ ಬಾಯಲ್ಲೇ ಉಳಿಯಿತು.

"ಕುಡಿದ್ರಾ? ಇನ್ನೂ ಕುಡೀರಿ, ಸಂಕೋಚ ಬೇಡ. ಮಧ್ಯಾಹ್ನ ಇನ್ನೊಂದು ಸಲ ತರ್ತೀನಿ."

"ನೀವ್ಯಾರು?" ಎಂದು ಅಧಿಕಾರಿ ಕೇಳಿದರು.

"ಬುಗ್ಗೆ ಕಾವಲುಗಾರ, ಮೇಡಂ. ಎಲ್ರೂ ಬುಗ್ಗೆಯಣ್ಣ ಅಂತಾರೆ," ಎಂದು ಅವನು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದುಕೊಟ್ಟ. ಅಧಿಕಾರಿ ಗಟ್ಟಿಯಾಗಿ ಓದಿದರು: "ನಕ್ಷೆಯಲ್ಲಿ ತೋರಿಸಲಾದ ಸದರಿ ಬುಗ್ಗೆಯಲ್ಲಿ ನೀರಿಲ್ಲವೆಂದು ಪ್ರವಾಸಿಗರಿಂದ ಪದೇ ಪದೇ ದೂರು ಬಂದಿರುವುದರಿಂದ, ಬುಗ್ಗೆಯು ತಾತ್ಕಾಲಿಕವಾಗಿ ಬತ್ತಿದೆಯೆಂದು ಪರಿಗಣಿಸಿ, ಅದು ಪುನಃ ಚಿಮ್ಮುವವರೆಗೆ ಕೆಳಗಿನ ಬಾವಿಯಿಂದ ನೀರು ತಂದು ತುಂಬಿಸಲು ತಾತ್ಕಾಲಿಕವಾಗಿ ನೇಮಿಸಲಾಗಿದೆ." ಅವರು ತಾರೀಖು ನೋಡಿದರು. "ಹದಿನೇಳು ವರ್ಷ ಆಯ್ತು!"

"ಹೌದು ಮೇಡಂ. ದಿನಕ್ಕೆ ಎರಡು ಸಲ."

"ಇವತ್ತು ಭಾನುವಾರ ಅಲ್ವಾ? ನಿಮಗೆ ರಜೆ ಇಲ್ವಾ?"

"ಇದೆ. ಆದ್ರೆ ಭಾನುವಾರವೇ ಜನ ಜಾಸ್ತಿ. ಪಾಪ, ಎಲ್ಲ ನಕ್ಷೆ ನೋಡ್ಕೊಂಡು, ಇಲ್ಲಿ ನೀರಿರುತ್ತೆ ಅಂತ ನಂಬ್ಕೊಂಡು ಬರ್ತಾರೆ. ಒಂದ್ಸಲ ನನಗೆ ಜ್ವರ ಬಂದು ಮಲಗಿಬಿಟ್ಟಿದ್ದೆ. ಆವತ್ತು ಒಂದು ಹುಡುಗಿ ಬಾಯಾರಿ ಇಲ್ಲೇ ಬಿದ್ದಿದ್ಳಂತೆ, ಹೇಗೋ ಉಳಿದ್ಳು. ಅವತ್ತಿಂದ ಜ್ವರ ಬಂದ್ರೂ ಬರ್ತೀನಿ." ಅವನು ತೊಟ್ಟಿಯ ಹಿಂದಿನ ಕಲ್ಲಿಗೆ ಕಿವಿಯಿಟ್ಟು ಒಂದು ಕ್ಷಣ ಕೇಳಿಸಿಕೊಂಡು, ಸಮಾಧಾನದಿಂದ ಎದ್ದ. "ದಿನಾ ಹೀಗೆ ಕೇಳ್ತೀನಿ. ಸುಳ್ಳು ಯಾಕೆ ಹೇಳ್ಲಿ ಮೇಡಂ, ಚಿಮ್ಮದೇ ಇರ್ಲಪ್ಪ ಅಂತಾನೇ ಕೇಳ್ತೀನಿ. ಅದು ಚಿಮ್ಮಿದ ದಿನ ನನ್ನ ಕೆಲಸ ಹೋಯ್ತು. ಇಬ್ಬರು ಹೆಣ್ಣುಮಕ್ಕಳನ್ನ ಓದ್ಸಿದ್ದೀನಿ ಇದ್ರಲ್ಲಿ. ದೊಡ್ಡವಳು ನರ್ಸು. ಚಿಕ್ಕವಳದ್ದು ಇನ್ನೂ ಒಂದು ವರ್ಷ ಇದೆ."

ಅಧಿಕಾರಿ ನನ್ನ ಕಡೆ ತಿರುಗಿದರು. ಪ್ರತಿ ವರ್ಷ ಬಂದು ನೀರು ಒಯ್ಯುವ ನನ್ನನ್ನು ಬುಗ್ಗೆಯಣ್ಣನೂ ಹೊಸಬನನ್ನು ನೋಡುವ ಹಾಗೆ ನೋಡುತ್ತಿದ್ದ.

ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಹಿಂದೆ ಚಿಮ್ಮುತ್ತಿತ್ತು, ನಾನು ನೋಡಿದ್ದೆ, ಆಮೇಲೆ ಬತ್ತಿತು ಎಂದರೆ ಸಾಕು; ಸರ್ಕಾರದ ಆದೇಶವೇ ನನ್ನ ಪರ ಸಾಕ್ಷಿ. ಆದರೆ ಆ ಮನುಷ್ಯನ ಹೆಗಲ ಮೇಲೆ ಕೋಲು ಉಜ್ಜಿ ಉಜ್ಜಿ ಕಪ್ಪಗೆ ಗಂಟುಕಟ್ಟಿತ್ತು. ಯಾರಿಗೋ ನಾನು ಸೀನಿ ಕೊಟ್ಟ ಮಾತನ್ನು, ನನ್ನ ಮುಖವನ್ನೂ ನೋಡದ ಒಬ್ಬ ಮನುಷ್ಯ ದಿನಕ್ಕೆ ಎರಡು ಸಲ ಬೆಟ್ಟ ಹತ್ತಿ ಹದಿನೇಳು ವರ್ಷ ಉಳಿಸಿದ್ದ. ನನ್ನಿಂದ ಒಬ್ಬರೂ ಸಾಯದ ಹಾಗೆ ನೋಡಿಕೊಂಡಿದ್ದ.

"ಮೇಡಂ, ಅದು ಬುಗ್ಗೆ ಅಲ್ಲ. ಸೀನು."

"ಏನು?"

"ಸೀನು ಬಂತು ಮೇಡಂ. ಇಂಕು ಹಾರ್ತು. ಕೆರೆದ್ರೆ ಹಾಳೆ ಹರಿಯುತ್ತೆ ಅಂತ ಬುಗ್ಗೆ ಮಾಡ್ದೆ. ನಾನು ಈ ಬೆಟ್ಟ ಹತ್ತಿದ್ದು ಇವತ್ತೇ ಮೊದಲು. ಹೆಡ್ ಕ್ಲಾರ್ಕಿಗೆ ಕೊಟ್ಟಿದ್ದು ಕಚೇರಿ ನಲ್ಲಿ ನೀರು. ಆ ಆರು ಬಾಟಲು ನಿಮಗೋಸ್ಕರ ತಂದಿದ್ದಲ್ಲ, ಇಲ್ಲಿ ಸುರಿದು ಬುಗ್ಗೆ ಅಂತ ತೋರಿಸೋಕೆ ತಂದಿದ್ದು. ನೀವು ಕೊಟ್ಟ ಆಲೂಗಡ್ಡೆನೂ ನಾನು ತಿನ್ಬಾರ್ದಿತ್ತು."

ಅಧಿಕಾರಿ ಮೆಲ್ಲನೆ ನನ್ನ ಚೀಲ ಇಳಿಸಿ ತೊಟ್ಟಿಯ ಅಂಚಿಗೆ ಕುಳಿತರು. ಮೊದಲು ಮಾತಾಡಿದವನು ಬುಗ್ಗೆಯಣ್ಣ.

"ಅಂದ್ರೆ ಸಾರ್... ಇಲ್ಲಿ ಬುಗ್ಗೆ ಇರ್ಲೇ ಇಲ್ವಾ?"

"ಇರ್ಲಿಲ್ಲಪ್ಪ. ನನ್ನ ತಪ್ಪು. ನನ್ನಿಂದ ನೀನು ಹದಿನೇಳು ವರ್ಷ..."

"ಮುಂದೇನೂ ಚಿಮ್ಮಲ್ವಾ?"

"ಯಾವತ್ತೂ ಇಲ್ಲ."

ಅವನು ಎರಡು ಹೆಜ್ಜೆ ಮುಂದೆ ಬಂದ. ಹೊಡೆತ ಬಿತ್ತು ಎಂದು ಕಣ್ಣು ಮುಚ್ಚಿದೆ. ಬಿದ್ದದ್ದು ಅಪ್ಪುಗೆ, ಪಕ್ಕೆಲುಬು ಲಟಕ್ಕೆನ್ನುವಂಥ ಅಪ್ಪುಗೆ. "ಬದುಕಿಸಿದ್ರಿ ಸಾರ್! ಹದಿನೇಳು ವರ್ಷ ಇದೇ ಹೆದರಿಕೆಯಲ್ಲಿ ನಿದ್ದೆ ಮಾಡಿಲ್ಲ. ಇದನ್ನ ಮೊದಲೇ ಬಂದು ಹೇಳ್ಬಾರ್ದಿತ್ತಾ?" ಎಂದು ನನ್ನನ್ನು ನೆಲದಿಂದ ಒಂದು ಗೇಣು ಎತ್ತಿ ಇಳಿಸಿದ. ಆಮೇಲೆ ಥಟ್ಟನೆ ಅವನ ಮುಖ ಇಳಿಯಿತು. ಬುಗ್ಗೆಯೇ ಇಲ್ಲದಿದ್ದರೆ ಬುಗ್ಗೆಗೆ ಕಾವಲು ಯಾಕೆ ಎಂಬುದು ಅವನಿಗೂ ಹೊಳೆದಿರಬೇಕು. ಅವನೂ ನಾನೂ ಒಟ್ಟಿಗೆ ಅಧಿಕಾರಿಯ ಕಡೆ ನೋಡಿದೆವು.

ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. "ಸಂಕೋಚದ ಬುಗ್ಗೆ!" ಎಂದು ಒಮ್ಮೆ ಹೇಳಿ ಮತ್ತೆ ನಕ್ಕರು. ನಗು ಮುಗಿದ ಮೇಲೆ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದಾಗ ಅದರಲ್ಲಿ ನಗುವಿರಲಿಲ್ಲ.

"ನಿಮ್ಮ ಮೇಲೆ ಬರೆಯೋಕೆ ನನಗೆ ಬೇಕಾದಷ್ಟಿದೆ. ಆದ್ರೆ ನಾನು ಬಿದ್ದಾಗ ನೀವು ಆ ನೀರನ್ನ ನನ್ನ ತಲೆಗೆ ಸುರಿದ್ರಿ, ಬಂಡೆಗೆ ಉಳಿಸಿಕೊಳ್ಳಲಿಲ್ಲ. ಅದು ನನಗೆ ಮರೆಯೋಕಾಗಲ್ಲ. ಮೇಜು ಇರ್ಲಿ. ಮನೆಯವರಿಗೆ, ಅಕ್ಕಪಕ್ಕದವರಿಗೆ ಮಾತ್ರ ನೀವೇ ಬಾಯಿಬಿಟ್ಟು ಹೇಳ್ಬೇಕು. ಬಾಟಲು ಕಳಿಸಿದ ಎಲ್ರಿಗೂ."

"ಮೇಡಂ, ದಯವಿಟ್ಟು ರವಾನೆ ಶಾಖೆಗೇ ಹಾಕಿಬಿಡಿ."

"ಇಲ್ಲ. ಹೇಳ್ಬೇಕು."

ನಾನು ಚೀಲದಲ್ಲಿ ಉಳಿದಿದ್ದ ನಾಲ್ಕು ಬಾಟಲುಗಳನ್ನು ತೆಗೆದು ತೊಟ್ಟಿಗೆ ಸುರಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಜಾಗಕ್ಕೆ ನಾನು ತಂದ ಮೊದಲ ನೀರು ಅದು. ಬುಗ್ಗೆಯಣ್ಣ ತೊಟ್ಟಿಯೊಳಗೆ ಬಗ್ಗಿ ನೋಡಿ, "ಬಹಳ ಉಪಕಾರ ಆಯ್ತು ಸಾರ್, ಮಧ್ಯಾಹ್ನದ ಹೊರೆ ನಾಲ್ಕು ಲೀಟರು ಹಗುರ," ಎಂದ. ಅವನು ಗೇಲಿ ಮಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ನಕ್ಷೆಯ ಮೇಜು ಉಳಿದದ್ದಕ್ಕಿಂತ, ಇಂಥವನೊಬ್ಬ ನನಗೆ ಗೊತ್ತಿಲ್ಲದ ಹಾಗೆ ನನ್ನ ಬೆನ್ನಿಗೆ ನಿಂತಿದ್ದನಲ್ಲ, ಅದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯಲಿಲ್ಲ. ಎದುರಿಗಿದ್ದ ಅವನಿಗೇ ಮುಗಿದೆ. ಅವನು ಗಾಬರಿಯಾಗಿ ನನಗೆ ಲೋಟ ತುಂಬಿಸಿ ಕೊಟ್ಟ.

ಅಧಿಕಾರಿ ಪರಿಶೀಲನೆಯ ನಮೂನೆ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಬುಗ್ಗೆ ಎಂದಿದ್ದ ಕಡೆ ಒಂದು ಗೆರೆ ಎಳೆದು ಹೊಡೆದುಹಾಕಿದರು. ಬುಗ್ಗೆಯಣ್ಣ ಉಸಿರು ಬಿಗಿಹಿಡಿದು ನಿಂತ. ಅದರ ಕೆಳಗಿನ ಸಾಲಿನಲ್ಲಿ ಅವರು "ಕುಡಿಯುವ ನೀರು: ಇದೆ" ಎಂದು ಬರೆದು, ನಮೂನೆಯನ್ನೂ ಪೆನ್ನನ್ನೂ ನನ್ನ ಕಡೆ ಚಾಚಿದರು.

"ಮುಂದಿನ ಕಾಲಂ ನೀವು ತುಂಬಿ, ನಿಮ್ಮ ಅಕ್ಷರ ಚೆನ್ನಾಗಿದೆ. ಈ ಸಲ ಸರಿಯಾಗಿ ಬರೀಬೇಕು."

ನೋಡಿದೆ. "ನೀರಿನ ಮೂಲ" ಎಂದಿತ್ತು. ಕೆಳಗೆ ಬಾವಿ, ಕೆರೆ, ಹಳ್ಳ, ಬುಗ್ಗೆ, ಇತರೆ. ನಾನು ಮೂಗನ್ನು ಭದ್ರವಾಗಿ ಒರೆಸಿಕೊಂಡು, ಇತರೆ ಎಂಬುದರ ಮುಂದೆ ನಿಧಾನವಾಗಿ, ದುಂಡಗೆ ಬರೆದೆ: "ಒಬ್ಬ ಮನುಷ್ಯ."

ಬುಗ್ಗೆಯಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ, ಬೆರಳಿಟ್ಟು ಅಕ್ಷರ ಅಕ್ಷರವಾಗಿ ಎರಡು ಸಲ ಓದಿದ. ಆಮೇಲೆ ತಡವರಿಸುತ್ತ ಕೇಳಿದ.

"ಸಾರ್, ಮನುಷ್ಯ ಅಂದ್ರೆ... ತಾತ್ಕಾಲಿಕ ಮನುಷ್ಯನಾ, ಕಾಯಂ ಮನುಷ್ಯನಾ?"

ಅಧಿಕಾರಿಯ ಮುಖ ನೋಡಿದೆ. ಅವರು ಲೋಟದಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಕಾಯಂ ಅಂತ ಬರೀರಿ, ನಾನು ಸಹಿ ಹಾಕ್ತೀನಿ," ಎಂದರು.